ಶರತ್ಕಾಲದ ರಜೆ ಮತ್ತು ಭೂಮಿ ಹುಣ್ಣಿಮೆ

ಜರ್ಮನಿಗೆ ಬಂದ ಮೊದಲ ಎರಡು ವರ್ಷ ನಮಗೆ ಶರತ್ಕಾಲವೆಂದರೆ ಒಂದು ಬಗೆಯ ಅಳುಕು. ದಿನದಿನಕ್ಕೂ ಮೊಟಕಾಗುವ ಹಗಲು, ಒದ್ದೆ ಎಲೆಗಳ ಮೇಲೆ ಜಾರುವ ಕಾಲು, ಇನ್ನು ಐದಾರು ತಿಂಗಳು ಬಿಸಿಲಿನ ಮುಖ ಕಾಣದೆ ಕಳೆಯಬೇಕಲ್ಲ ಎಂಬ ಚಿಂತೆ. ಹನ್ನೊಂದು ವರ್ಷಗಳ ವಾಸ ಆ ಅಳುಕನ್ನು ಕಳೆದಿದೆ. ಈಗ ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಮಕ್ಕಳಿಗಿಂತ ಮೊದಲು ನಾವೇ ಬೂಟು, ಬುಟ್ಟಿ, ಫ್ಲಾಸ್ಕುಗಳನ್ನು ಹುಡುಕತೊಡಗುತ್ತೇವೆ. ಫ್ರಾಂಕ್‌ಫರ್ಟಿನ ಸುತ್ತಮುತ್ತ ನೆಲೆಸಿರುವ ಓದುಗರಿಗೆ ಈ ತಿರುಗಾಟದ ರುಚಿಯನ್ನು ನಾವು ಹೇಳಬೇಕಾಗಿಲ್ಲ. ಆದರೂ ಕಳೆದ ವರ್ಷದ, ಎಂದರೆ 2024ರ ಶರತ್ಕಾಲವನ್ನು ಕುರಿತು ಬರೆಯಬೇಕೆನ್ನಿಸಿದ್ದಕ್ಕೆ ಕಾರಣವಿದೆ. ಆ ಒಂದೇ ಋತುವನ್ನು ನಾವು ಎರಡು ಊರುಗಳಲ್ಲಿ ಕಂಡೆವು. ಒಂದರಲ್ಲಿ ಎಲೆ ಉದುರುತ್ತಿತ್ತು, ಇನ್ನೊಂದರಲ್ಲಿ ಭತ್ತ ಹಾಲುಗಟ್ಟುತ್ತಿತ್ತು.

ಟೌನಸ್ ಬೆಟ್ಟಸಾಲಿನ ಬುಡದಲ್ಲಿರುವ ಕ್ರೋನ್‌ಬರ್ಗ್ ಊರಿನ ಚೆಸ್ಟ್‌ನಟ್ ತೋಪಿಗೆ ಹೋಗುವುದು ನಮ್ಮ ವಾರ್ಷಿಕ ಪದ್ಧತಿ. ಮುಳ್ಳುಹಂದಿಯಂತೆ ಮೈಯೆಲ್ಲ ಮುಳ್ಳಿರುವ ಹಸಿರು ಚಿಪ್ಪು ನೆಲಕ್ಕೆ ಬಿದ್ದು ಬಿರಿದಾಗ ಒಳಗೆ ಹುಣಿಸೆ ಬೀಜದ ಹೊಳಪಿನ ಎರಡು ಮೂರು ಕಾಯಿಗಳು ಕಾಣುತ್ತವೆ. ನಗರದ ಬೀದಿಬದಿಯಲ್ಲಿ ಬೀಳುವ ಕಾಯಿಗಳೂ ನೋಡಲು ಹೀಗೆಯೇ ಇರುತ್ತವೆ, ಆದರೆ ಅವು ತಿನ್ನಲಾಗದ ಬೇರೆ ಜಾತಿ; ಅವುಗಳಿಗೆ ಕಡ್ಡಿ ಚುಚ್ಚಿ ಮಕ್ಕಳು ಗೊಂಬೆ ಮಾಡುತ್ತಾರೆ. ಬಂದ ಹೊಸತರಲ್ಲಿ ನಾವು ಆ ಬೀದಿಬದಿಯ ಕಾಯಿಗಳನ್ನೇ ಒಂದು ಚೀಲ ತುಂಬಿಸಿ ತಂದು ಬೇಯಿಸಲಿಟ್ಟಿದ್ದೆವು. ಪಕ್ಕದ ಮನೆಯ ಅಜ್ಜಿ ವಾಸನೆ ಹಿಡಿದು ಬಂದು ಒಲೆ ಆರಿಸದಿದ್ದರೆ ಆಸ್ಪತ್ರೆ ಸೇರಬೇಕಾಗುತ್ತಿತ್ತು. ಆ ಅಜ್ಜಿ ಈಗಿಲ್ಲ. ಅವರ ಮಗ ಈಗ ನಮ್ಮ ಕೆಳಗಿನ ಮಹಡಿಯಲ್ಲಿದ್ದಾರೆ; ಅವರ ಮಾತು ಮುಂದೆ ಬರುತ್ತದೆ.

ಕಳೆದ ವರ್ಷ ರೈನ್ ನದಿಯ ದಂಡೆಯ ರ‍್ಯೂಡೆಸ್‌ಹೈಮ್‌ಗೂ ಹೋಗಿದ್ದೆವು. ದ್ರಾಕ್ಷಿ ತೋಟಗಳ ಮೇಲೆ ತೇಲುವ ತೊಟ್ಟಿಲ ಬಂಡಿಯಲ್ಲಿ ಕುಳಿತು ನೀಡರ್‌ವಾಲ್ಡ್ ಸ್ಮಾರಕದವರೆಗೆ ಏರುವಾಗ ಕೆಳಗೆ ಕಡಿದಾದ ಇಳಿಜಾರಿನಲ್ಲಿ ಜನ ಬಗ್ಗಿ ಗೊಂಚಲು ಕತ್ತರಿಸುತ್ತಿದ್ದುದು ಕಂಡಿತು. 1883ರಲ್ಲಿ ಉದ್ಘಾಟನೆಯಾದ ಆ ಬೃಹತ್ ಸ್ಮಾರಕಕ್ಕಿಂತ ನಮ್ಮ ಕಣ್ಣು ಹೋದದ್ದು ಆ ಕೂಲಿಯವರ ಕಡೆಗೆ. ಯಂತ್ರ ಹತ್ತಲಾರದ ಇಳಿಜಾರಿನಲ್ಲಿ ಇಂದಿಗೂ ಕೈಯಿಂದಲೇ ಕೊಯ್ಲು. ಅದಕ್ಕೆ ಹೊರ ದೇಶಗಳಿಂದ ಬರುವ ಆಳುಗಳೇ ಬೇಕು. ಇದನ್ನು ಕೇಳಿದಾಗ ಕೊನೆಗಾರರು ಸಿಗುವುದಿಲ್ಲವೆಂದು ಗೊಣಗುವ ಚಿಕ್ಕಪ್ಪನ ನೆನಪಾಯಿತು. ಬರುವಾಗ ಹೊಸ ದ್ರಾಕ್ಷಾರಸದ ಒಂದು ಬಾಟಲಿ ಕೊಂಡೆವು. ಫೆಡರ್‌ವೈಸರ್ ಎಂಬ ಆ ರಸ ಇನ್ನೂ ಹುದುಗುತ್ತಲೇ ಇರುವುದರಿಂದ ಅದರ ಮುಚ್ಚಳವನ್ನು ಬಿಗಿ ಮಾಡುವುದಿಲ್ಲ, ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು. ಅಂಗಡಿಯಾಕೆ ಎರಡು ಬಾರಿ ಹೇಳಿದ್ದರೂ ನಾವು ಅದನ್ನು ಕಾರಿನ ಹಿಂದೆ ಮಲಗಿಸಿದೆವು. ಮುಂದಿನ ಮೂರು ವಾರ ನಮ್ಮ ಕಾರು ಹೆಂಡದಂಗಡಿಯಂತೆ ನಾರುತ್ತಿತ್ತು. ಮಗಳನ್ನು ಶಾಲೆಗೆ ಬಿಡಲು ಹೋದಾಗ ಕಿಟಕಿ ಇಳಿಸಲು ನಾಚಿಕೆ.

ಹೆಸೆನ್ ಪ್ರಾಂತದಲ್ಲಿ ಅಕ್ಟೋಬರಿನಲ್ಲಿ ಶಾಲೆಗಳಿಗೆ ಎರಡು ವಾರ ರಜೆ. ದಸರೆ, ದೀಪಾವಳಿಗಳು ಚಾಂದ್ರಮಾನದಂತೆ ಹಿಂದೆ ಮುಂದೆ ಸರಿಯುತ್ತಿರುವುದರಿಂದ ಈ ರಜೆ ನಮ್ಮ ಹಬ್ಬಕ್ಕೆ ಕೂಡಿಬರುವುದು ಅದೃಷ್ಟವಿದ್ದರಷ್ಟೇ. ಕಳೆದ ವರ್ಷ ವಿಜಯದಶಮಿಯ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದೆವು. ನಮ್ಮಿಬ್ಬರಲ್ಲಿ ಒಬ್ಬರ ತವರು ಮೈಸೂರು, ಇನ್ನೊಬ್ಬರದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮೈಸೂರಿನಲ್ಲಿದ್ದುಕೊಂಡೂ ಜಂಬೂ ಸವಾರಿಯನ್ನು ದೂರದರ್ಶನದಲ್ಲಿ ನೋಡಿದ ಕೀರ್ತಿ ನಮ್ಮದು: ಮಕ್ಕಳು ನಿದ್ದೆಯಲ್ಲಿ ಮುಳುಗಿದ್ದರು, ಅವರ ತಾತನಿಗೆ ನೂಕುನುಗ್ಗಲು ಆಗದು. ಸಂಜೆ ಅಜ್ಜಿಯೊಡನೆ ಪಟ್ಟದ ಗೊಂಬೆಗಳನ್ನು ಮಲಗಿಸುವ ಕೆಲಸ ಮಗನ ಪಾಲಿಗೆ ಬಂತು. ಆರು ವರ್ಷದ ಅವನು ಗೊಂಬೆಗಳಿಗೂ ಹೊತ್ತಿನ ವ್ಯತ್ಯಾಸದಿಂದ ನಿದ್ದೆ ಬಂದಿದೆಯೆಂದು ತೀರ್ಮಾನಿಸಿ ಅವುಗಳ ಪಕ್ಕದಲ್ಲಿಯೇ ಮಲಗಿಬಿಟ್ಟ. ಎರಡು ದಿನ ಕಳೆದದ್ದೇ ತಿಳಿಯಲಿಲ್ಲ. ಮೂರನೆಯ ರಾತ್ರಿ ತಾಳಗುಪ್ಪದ ರೈಲು ಹತ್ತಿದೆವು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಆ ಬಾರಿ ನಾವು ಹಳ್ಳಿಗೆ ಹೊರಟದ್ದು ಹಬ್ಬಕ್ಕೆಂದು ಮಾತ್ರವಲ್ಲ, ಗದ್ದೆಯನ್ನು ಮಾರುವ ಕಾಗದಕ್ಕೆ ಸಹಿ ಹಾಕುವುದಕ್ಕೆ.

ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಎಂಬತ್ತನಾಲ್ಕರ ಅಜ್ಜಿ, ಚಿಕ್ಕಪ್ಪ ಮತ್ತು ಚಿಕ್ಕಮ್ಮ. ಅವರ ಒಬ್ಬನೇ ಮಗ ಬೆಂಗಳೂರಿನಲ್ಲಿದ್ದಾನೆ. ಆಸ್ತಿಯೆಂದರೆ ಎರಡು ಎಕರೆ ಅಡಿಕೆ ತೋಟ, ರಸ್ತೆಗೆ ತಾಗಿದ ಒಂದೂವರೆ ಎಕರೆ ಗದ್ದೆ. ಪೌತಿ ಖಾತೆಯಾದ ನಂತರ ಪಹಣಿಯಲ್ಲಿ ಚಿಕ್ಕಪ್ಪನ ಹೆಸರಿನ ಜೊತೆಗೆ ನಮ್ಮ ಹೆಸರೂ ಕುಳಿತಿತ್ತು. ಬೆಂಗಳೂರಿನ ಒಬ್ಬರು ಆ ಗದ್ದೆಯಲ್ಲಿ ಪ್ರವಾಸಿಗರಿಗೆ ತಂಗುಮನೆ ಕಟ್ಟಬೇಕೆಂದು ಒಳ್ಳೆಯ ಬೆಲೆ ಹೇಳಿದ್ದರು. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾದ್ದರಿಂದ ಮಲೆನಾಡಿನಲ್ಲಿ ಇಂಥ ಗಿರಾಕಿಗಳಿಗೆ ಈಗ ಬರವಿಲ್ಲ. ಚಿಕ್ಕಪ್ಪನಿಗೆ ವಯಸ್ಸಾಗಿ ಮೊಣಕಾಲು ಹಿಡಿದಿದೆ. ನಮ್ಮ ಕಡೆಯಿಂದಲೂ ಒಂದು ಒತ್ತಡವಿತ್ತು. ಆ ವರ್ಷದ ಜೂನ್ 27ರಂದು ಜರ್ಮನಿಯ ಹೊಸ ಪೌರತ್ವ ಕಾನೂನು ಜಾರಿಗೆ ಬಂದಿತ್ತು. ನಾವು ಅರ್ಜಿ ಹಾಕಿದ್ದೆವು. ಜರ್ಮನಿ ಈಗ ಎರಡು ಪೌರತ್ವಗಳಿಗೆ ಒಪ್ಪಿದರೂ ಭಾರತ ಒಪ್ಪುವುದಿಲ್ಲ. ಹಾಗಾಗಿ ನಮ್ಮ ಭಾರತೀಯ ಪಾಸ್‌ಪೋರ್ಟುಗಳನ್ನು ಒಪ್ಪಿಸಿ ಓಸಿಐ ಕಾರ್ಡು ಪಡೆಯಬೇಕು. ಓಸಿಐ ಇರುವವರು ಪಿತ್ರಾರ್ಜಿತವಾಗಿ ಬಂದ ಕೃಷಿಭೂಮಿಯನ್ನು ಇಟ್ಟುಕೊಳ್ಳಬಹುದು, ಆದರೆ ಹೊಸದಾಗಿ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಎಂದರೆ ಒಮ್ಮೆ ಕೈಬಿಟ್ಟ ಗದ್ದೆಯನ್ನು ಮನಸ್ಸು ಬದಲಾಯಿತೆಂದು ಮತ್ತೆ ಕೊಳ್ಳುವ ದಾರಿಯಿಲ್ಲ. ಇದೆಲ್ಲ ತಿಳಿದೇ ನಾವು ಮಾರಾಟಕ್ಕೆ ಒಪ್ಪಿದ್ದೆವು. ದೂರದಲ್ಲಿರುವವರಿಗೆ ಕಾಗದಪತ್ರಗಳ ತೊಡಕು ಕಡಿಮೆಯಾದಷ್ಟೂ ನೆಮ್ಮದಿ ಎಂಬುದು ನಮ್ಮ ಲೆಕ್ಕಾಚಾರ.

ಸಾಗರ ನಿಲ್ದಾಣದಲ್ಲಿ ಇಳಿದಾಗ ಸೋನೆ ಮಳೆ. ಮನೆ ಮುಟ್ಟಿದಾಗ ಅಜ್ಜಿ ಜಗಲಿಯಲ್ಲಿ ಕುಳಿತು ಒಂದು ಬಿದಿರಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಬುಟ್ಟಿಗೆ ಸಗಣಿ ಸಾರಿಸಿ, ಒಣಗಿಸಿ, ಕೆಮ್ಮಣ್ಣು ಬಳಿದಾಗಿತ್ತು. ಪಕ್ಕದ ಕರಟದಲ್ಲಿ ಅಕ್ಕಿ ನೆನೆಸಿ ಅರೆದ ಬಿಳಿ ಬಣ್ಣ, ಪುಂಡಿ ನಾರಿನ ಕುಂಚ.

“ಬಂದ್ರಾ? ಕೈಕಾಲು ತೊಳ್ಕಂಡು ಬನ್ನಿ. ಪುಟ್ಟಿ, ನೀ ಮಾತ್ರ ಬೇಗ ಬಾ. ನಂಗೆ ಗೆರೆ ನೆಟ್ಟಗೆ ಬರದಿಲ್ಲ ಈಗ.”

ಹೊರನಾಡಿನ ಮಕ್ಕಳಿಗಾಗಿ ಎರಡು ಮಾತು. ಆಶ್ವಯುಜ ಮಾಸದ ಹುಣ್ಣಿಮೆಯನ್ನು ಬಯಲುಸೀಮೆಯವರು ಸೀಗೆ ಹುಣ್ಣಿಮೆ ಎನ್ನುತ್ತಾರೆ, ಮಲೆನಾಡಿನವರಿಗೆ ಅದು ಭೂಮಿ ಹುಣ್ಣಿಮೆ. ಆಗ ಗದ್ದೆಯಲ್ಲಿ ಭತ್ತ ಹೊಡೆಯಾಗಿ ತೆನೆ ಹೊರಡುವ ಕಾಲ. ಬಸುರಿ ಹೆಂಗಸಿಗೆ ಬಯಕೆಯ ಊಟ ಮಾಡಿಸುವಂತೆ ಫಲ ಹೊತ್ತ ಭೂಮಿಗೂ ಅಂದು ಬಯಕೆ ತೀರಿಸುತ್ತಾರೆ. ಆ ಊಟವನ್ನು ಗದ್ದೆಗೆ ಹೊರುವ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ದಸರೆಯ ನಂತರದ ಆ ನಾಲ್ಕೈದು ದಿನಗಳಲ್ಲಿ ಹೆಂಗಸರು ಅದರ ಮೈಮೇಲೆ ಚಿತ್ತಾರ ಬರೆಯುತ್ತಾರೆ: ಭತ್ತದ ಸಸಿ, ಅಡಿಕೆ ಮರ, ಏಣಿ, ಗಾಡಿ, ಸಾಲುಹಿಡಿದ ಮನುಷ್ಯರು.

ನಮ್ಮ ಮಗಳಿಗೆ ಹನ್ನೊಂದು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಜರ್ಮನ್ನಿನಲ್ಲಿ ಬರುತ್ತದೆ. ಶನಿವಾರದ ಕನ್ನಡ ತರಗತಿಗೆ ಹೋಗೆಂದರೆ ಮುಖ ಊದಿಸುವವಳು ಅಂದು ಎರಡು ಗಂಟೆ ಅಜ್ಜಿಯ ಎದುರು ಅಲುಗಾಡದೆ ಕುಳಿತಳು. ಅಜ್ಜಿಯ ಕೈ ನಡುಗುತ್ತಿತ್ತು. ಅಜ್ಜಿ ಬೆರಳಿನಿಂದ ಗಾಳಿಯಲ್ಲಿ ತೋರಿಸುವುದು, ಇವಳು ಬುಟ್ಟಿಯ ಮೇಲೆ ಎಳೆಯುವುದು. ಬರೆದು ಮುಗಿದಾಗ ಮನುಷ್ಯರ ಸಾಲಿನ ಕೊನೆಯಲ್ಲಿ ಗಾಲಿಗಳುಳ್ಳ ಒಂದು ಪೆಟ್ಟಿಗೆ ಕಂಡಿತು. ಇದೇನೆಂದು ಕೇಳಿದರೆ “ನಮ್ಮ ಸೂಟ್‌ಕೇಸ್” ಎಂದಳು. ಕನ್ನಡದಲ್ಲಿಯೇ ಹೇಳಿದಳೆಂಬುದು ನಮಗೆ ಹೊಳೆದದ್ದು ಆಮೇಲೆ. ಚಿಕ್ಕಮ್ಮ ಅಳಿಸಲು ಹೋದರು, ಅಜ್ಜಿ ಬಿಡಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಚಿಕ್ಕಪ್ಪ ಕಬ್ಬಿಣದ ಪೆಟ್ಟಿಗೆಯಿಂದ ಕಾಗದಗಳನ್ನು ತೆಗೆದರು. ಅಜ್ಜಿ ಒಳಗೆ ಮಲಗಿದ್ದರು. ಅವರಿಗೆ ಹೇಳಿದ್ದೀರಾ ಎಂದು ನಾವು ಕೇಳಿದೆವು.

“ಇಲ್ಲ. ನೀವು ಸಹಿ ಹಾಕಿದ ಮೇಲೆ ಹೇಳಾಣ ಅಂತ.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕರಾರು ಪತ್ರ ಮೂರು ಹಾಳೆಯದು. ಹಬ್ಬ ಕಳೆಯಲಿ, ಆಮೇಲೆ ಮಾಡೋಣ ಎಂದೆವು. ಹೀಗೆ ಮುಂದೂಡುವುದು ಸುಲಭ, ನಾವು ಅದನ್ನು ಬಹಳ ವರ್ಷಗಳಿಂದ ಅಭ್ಯಾಸ ಮಾಡಿದ್ದೇವೆ. ಚಿಕ್ಕಪ್ಪ ಏನೂ ಹೇಳದೆ ಕಾಗದಗಳನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿದರು. ಆದರೆ ಮುಚ್ಚಳ ಹಾಕಿದ ಸದ್ದು ಸ್ವಲ್ಪ ಜೋರಾಗಿಯೇ ಇತ್ತು.

ಹುಣ್ಣಿಮೆಯ ಹಿಂದಿನ ರಾತ್ರಿ ಆ ಮನೆಯ ಹೆಂಗಸರು ಮಲಗುವುದಿಲ್ಲ. ಅಡುಗೆಮನೆಯಲ್ಲಿ ನಾಲ್ಕು ಒಲೆಗಳು ಒಟ್ಟಿಗೆ ಉರಿಯುತ್ತಿದ್ದವು. ಹಲಸಿನ ಎಲೆಯ ಕೊಟ್ಟೆಗಳಲ್ಲಿ ಕಡುಬು, ಸೌತೆಕಾಯಿಯ ಕಡುಬು, ಹೋಳಿಗೆ, ಚಿತ್ರಾನ್ನ, ಮೊಸರನ್ನ, ಅಮಟೆಕಾಯಿಯ ಗೊಜ್ಜು. ಇವಲ್ಲದೆ ಹಿತ್ತಲು, ಬೇಲಿ, ತೋಟದ ಅಂಚುಗಳಿಂದ ಕಿತ್ತು ತಂದ ಬಗೆಬಗೆಯ ಸೊಪ್ಪುಗಳನ್ನು ಒಟ್ಟಿಗೆ ಬೇಯಿಸುವ ಬೆರಕೆ ಸೊಪ್ಪು. ಎಷ್ಟು ಬಗೆ ಎಂದು ಮಗಳು ಎಣಿಸತೊಡಗಿದಳು. ಇಪ್ಪತ್ತಮೂರನೆಯದಕ್ಕೆ ಚಿಕ್ಕಮ್ಮನಿಗೂ ಹೆಸರು ತಿಳಿಯದೆ ಅಜ್ಜಿಯನ್ನು ಕೇಳಬೇಕಾಯಿತು. ಅಜ್ಜಿ ಎಲೆಯನ್ನು ಮೂಸಿ ಹೆಸರು ಹೇಳಿದರು. ನಮಗೀಗ ಆ ಹೆಸರು ನೆನಪಿಲ್ಲ, ಬರೆದಿಟ್ಟುಕೊಳ್ಳಬೇಕಿತ್ತು.

ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ಅನ್ನ, ಸೊಪ್ಪುಗಳನ್ನು ಕಲಸಿದ ಚರಗದ ಚಿಕ್ಕ ಬುಟ್ಟಿ ಚಿಕ್ಕಪ್ಪನ ಹೆಗಲಿಗೆ. ದೊಂದಿಯ ಬದಲು ಈಗ ತಲೆಗೆ ಕಟ್ಟುವ ಟಾರ್ಚು. ಅಂಚಿನ ಮೇಲೆ ನಡೆಯುತ್ತ ಚಿಕ್ಕಪ್ಪ ಎರಡೂ ಕಡೆಗೆ ಚರಗ ಬೀರುತ್ತಾರೆ, ಬೀರುತ್ತ ಭೂಮಿತಾಯಿಯನ್ನು ಉಣ್ಣಲು ಕರೆಯುವ ಕೂಗು ಹಾಕುತ್ತಾರೆ. ಆ ಕೂಗು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಚಿಕ್ಕಪ್ಪನಿಗೆ ಬಂದದ್ದು. ಆಚೆ ಗುಡ್ಡದ ಬುಡದಲ್ಲಿ ಇನ್ನೊಂದು ಮನೆಯವರ ಕೂಗು ಕೇಳಿಸಿತು. ನಾವು ಚಿಕ್ಕವರಿದ್ದಾಗ ಕಣಿವೆಯ ತುಂಬ ಹತ್ತು ಹನ್ನೆರಡು ಕೂಗುಗಳಿರುತ್ತಿದ್ದವು. ಅಂದು ಎರಡೇ. ಉಳಿದ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆ ತೋಟಗಳಾಗಿವೆ. ಮೊಣಕಾಲಿನ ನೋವಿಗೆ ಚಿಕ್ಕಪ್ಪ ನಡುವೆ ಎರಡು ಸಲ ನಿಂತರು. ಮೂರನೆಯ ಸಲ ನಿಂತಾಗ ಬುಟ್ಟಿಯನ್ನು ಮಗಳ ಕೈಗೆ ಕೊಟ್ಟು, “ನೀ ಬೀರು ಪುಟ್ಟಿ, ಕೂಗೂ ಹಾಕು” ಎಂದರು. ಅವಳ ಕೂಗಿನಲ್ಲಿ ಳಕಾರ ಲಕಾರವಾಗಿತ್ತು. ಆಚೆ ಗುಡ್ಡದವರು ಒಂದು ಕ್ಷಣ ತಡೆದು, ಮತ್ತೆ ಓಗೊಟ್ಟರು.

ಬೆಳಗಾದ ಮೇಲೆ ಪೂಜೆ. ಭತ್ತದ ಒಂದು ಬುಡಕ್ಕೆ ಹೊಸ ಬಟ್ಟೆ, ಹೂವು; ಚಿಕ್ಕಮ್ಮ ತಮ್ಮ ಕೊರಳಿನ ಸರವನ್ನು ತೆಗೆದು ತೆನೆಗೆ ತೊಡಿಸಿದರು. ಎಡೆಯಿಟ್ಟು, ಕಾಗೆಗೂ ಇಟ್ಟು, ಅಲ್ಲಿಯೇ ಅಂಚಿನ ಮೇಲೆ ಕುಳಿತು ಉಂಡೆವು. ಕೊನೆಗೆ ಒಂದು ಕೊಟ್ಟೆ ಕಡುಬನ್ನು ಗದ್ದೆಯ ಮೂಲೆಯಲ್ಲಿ ಹುಗಿಯುವುದು ನಮ್ಮ ಮನೆಯ ಪದ್ಧತಿ. ಕೊಯ್ಲಿನ ದಿನ ಅದನ್ನು ತೆಗೆದು ಪ್ರಸಾದವೆಂದು ಹಂಚುತ್ತಾರೆ. ಮಗ ಗುಂಡಿ ತೋಡಿದ, ಮಗಳು ಕಡುಬನ್ನಿಟ್ಟಳು, ಗುರುತಿಗೆ ಒಂದು ಕೋಲು ನೆಟ್ಟರು. “ಯಾವಾಗ ತೆಗೆಯುವುದು?” ಎಂದು ಮಗ ಕೇಳಿದ. ಕೊಯ್ಲಿಗೆ ಎಂದರು ಚಿಕ್ಕಮ್ಮ. “ಆಗ ಗದ್ದೆ ನಮ್ಮದೇ ಆಗಿರುತ್ತದಾ?” ಎಂದ.

ಮಕ್ಕಳ ಮುಂದೆ ಜರ್ಮನ್ನಿನಲ್ಲಿ ಮಾತಾಡಿದರೆ ಹಿರಿಯರಿಗೆ ತಿಳಿಯದು ಎಂದು ನಾವು ರೈಲಿನಲ್ಲಿ ಚರ್ಚಿಸಿದ್ದೆವು. ಮಕ್ಕಳಿಗೆ ತಿಳಿಯುತ್ತದೆ ಎಂಬುದನ್ನು ಮರೆತಿದ್ದೆವು. ಅಜ್ಜಿ ಕೈಯಲ್ಲಿದ್ದ ತುತ್ತನ್ನು ಎಲೆಗಿಟ್ಟರು. ಯಾರನ್ನೂ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೊಸರನ್ನ ಬಡಿಸಲು ಹೇಳಿದರು.

ಮರುದಿನ ಮನೆಯ ಬಿಗುವನ್ನು ಸಡಿಲಿಸಲೆಂದು ಎಲ್ಲರೂ ಚಿಕ್ಕಮ್ಮನ ತವರಿನ ಕಡೆಗೆ ಹೊರಟೆವು. ಅವರ ತವರು ಶರಾವತಿ ಹಿನ್ನೀರಿನಾಚೆ, ತುಮರಿಯ ಬಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನಡಿಯಾಯಿತು. ಅಲ್ಲಿಯ ಜನ ಊರು ಬಿಟ್ಟು ಚದುರಿದರು, ಉಳಿದವರಿಗೆ ತಾಲ್ಲೂಕು ಕೇಂದ್ರಕ್ಕೆ ಬರಲು ಲಾಂಚೇ ಗತಿಯಾಯಿತು. ಹೊಳೆಬಾಗಿಲಿನಲ್ಲಿ ಕಾರನ್ನು ಲಾಂಚಿನ ಮೇಲೇರಿಸಿ ನಾವು ಕಟಕಟೆ ಹಿಡಿದು ನಿಂತೆವು. ಸಿಗಂದೂರಿನ ಭಕ್ತರು, ಗ್ಯಾಸ್ ಸಿಲಿಂಡರಿನ ಲಾರಿ, ಎರಡು ಮದುವೆಯ ಜೀಪುಗಳು ಎಲ್ಲ ನಮ್ಮ ಜೊತೆಗೆ. ಪಕ್ಕದಲ್ಲಿ ಹೊಸ ಸೇತುವೆಯ ಕೆಲಸ ಮುಗಿಯುವ ಹಂತದಲ್ಲಿತ್ತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಆ ಸೇತುವೆ ಈ ವರ್ಷದ ಜುಲೈಯಲ್ಲಿ ಸಂಚಾರಕ್ಕೆ ತೆರೆದಿದೆ. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ದಡದಲ್ಲಿ ಕಾಯುತ್ತಿದ್ದ ಕಾಲ ಮುಗಿಯಿತೆಂದು ಚಿಕ್ಕಮ್ಮನ ಅಣ್ಣ ಫೋನಿನಲ್ಲಿ ಹೇಳಿದಾಗ ಅವರ ದನಿಯಲ್ಲಿದ್ದ ಸಂತೋಷವನ್ನು ನಾವು ಮರೆಯಲಾರೆವು. ಲಾಂಚಿನ ಸೊಬಗು ಹೋಯಿತಲ್ಲ ಎಂದು ಹಳಹಳಿಸುವ ನಮ್ಮಂಥ ಪ್ರವಾಸಿಗರು ಆ ದನಿಯನ್ನು ಕೇಳಿಸಿಕೊಳ್ಳಬೇಕು.

ಅಂದು ಲಾಂಚಿನ ಮೇಲೆ ಅಜ್ಜಿ ನೀರಿನ ಕಡೆಗೆ ಕೈ ತೋರಿಸಿ ಮಗಳಿಗೆ ಹೇಳುತ್ತಿದ್ದರು: “ಅಲ್ಲಿ ನಿನ್ನ ಚಿಕ್ಕಜ್ಜಿ ಮನೇರ ಗದ್ದೆ ಇತ್ತು. ಅದನ್ನ ಯಾರೂ ಮಾರಲಿಲ್ಲ. ನೀರು ಬಂತು, ಹೋಯ್ತು.” ಅಷ್ಟೇ ಮಾತು. ಕೇಳಿಸಿಕೊಂಡವರು ಮಗಳೊಬ್ಬಳೇ ಅಲ್ಲವೆಂದು ಅವರಿಗೆ ಗೊತ್ತಿತ್ತು.

ಜೋಗಕ್ಕೂ ಒಂದು ದಿನ ಹೋಗಿಬಂದೆವು. 253 ಮೀಟರ್ ಎತ್ತರದಿಂದ ಬೀಳುವ ರಾಜ, ರಾಣಿ, ರೋರರ್, ರಾಕೆಟ್‌ಗಳಲ್ಲಿ ಅಂದು ಮಂಜಿನ ತೆರೆ ಸರಿದಾಗಲೆಲ್ಲ ಒಂದೊಂದೇ ದರ್ಶನವಿತ್ತವು. ವರ್ಣನೆ ಬೇಡ, ಓದುಗರೆಲ್ಲ ನೋಡಿದವರೇ.

ಮರಳಿದ ರಾತ್ರಿ ಚಿಕ್ಕಪ್ಪ ತಾವಾಗಿಯೇ ಮಾತು ತೆಗೆದರು. ನಾವು ಹೇಳಿದೆವು: ಗದ್ದೆಯನ್ನು ಮಾರುವುದು ಬೇಡವೆನ್ನಿಸುತ್ತಿದೆ, ಅಜ್ಜಿಯ ಮುಖ ನೋಡಲಾಗುತ್ತಿಲ್ಲ, ಮಕ್ಕಳಿಗೂ ಒಂದು ಗುರುತು ಉಳಿಯಲಿ. ಹೇಳುವಾಗ ನಮಗೆ ನಮ್ಮ ಔದಾರ್ಯದ ಮೇಲೆ ಸ್ವಲ್ಪ ಮೆಚ್ಚುಗೆಯೇ ಇತ್ತು. ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ನಿಲ್ಲಿಸಿದರು.

“ನೋಡು ಮಾರಾಯ, ವರ್ಷಕ್ಕೆ ಒಂದ್ಸಲ ಬಂದು ಅಂಚಿನ ಮೇಲೆ ಕೂತು ಉಣ್ಣೋರಿಗೆ ಗದ್ದೆ ಚೆಂದ. ಜೂನ್ ತಿಂಗಳಲ್ಲಿ ನಟ್ಟಿಗೆ ಜನ ಹುಡುಕಿ ಮನೆಮನೆ ತಿರುಗೋನು ನಾನು. ರಾತ್ರಿ ಹಂದಿ ಓಡಿಸೋನು ನಾನು. ಈ ಸಲ ತೋಟಕ್ಕೆ ಕೊಳೆ ಬಂತು, ಮೇಲಿಂದ ಎಲೆಚುಕ್ಕಿ. ಮೂರು ಸಲ ಬೋರ್ಡೋ ಹೊಡೆಸಿದೆ. ಅದರ ಲೆಕ್ಕ ಗೊತ್ತಾ ನಿಮಗೆ? ಗುರುತು ಬೇಕು ಅಂದ್ರೆ ಬುಟ್ಟಿ ತಗಂಡು ಹೋಗಿ.”

ಒಲೆಯ ಬಳಿ ಪಾತ್ರೆ ತೊಳೆಯುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು. ನಮ್ಮ ಬಳಿ ಉತ್ತರವಿರಲಿಲ್ಲ. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ನಾವು ಆ ಗದ್ದೆಯ ಖರ್ಚನ್ನು ಒಮ್ಮೆಯೂ ವಿಚಾರಿಸಿರಲಿಲ್ಲ, ಅಕ್ಕಿಯ ಚೀಲ ಮೈಸೂರಿನ ಮನೆಗೆ ತಪ್ಪದೆ ಬರುತ್ತಿತ್ತು. ಬಹಳ ಹೊತ್ತಿನ ನಂತರ ನಾವು ಕಾಗದ ಪೆನ್ನು ತೆಗೆದುಕೊಂಡು, ಆ ವರ್ಷದ ಲೆಕ್ಕ ಹೇಳಿ ಎಂದೆವು. ಉಳುಮೆ, ಬೀಜ, ನಟ್ಟಿ, ಕಳೆ, ಬೇಲಿ, ಕೊಯ್ಲು. ಚಿಕ್ಕಪ್ಪ ಮೊದಮೊದಲು ಬೇಸರದಿಂದ ಹೇಳಿದರು, ಆಮೇಲೆ ನೆನಪಿಸಿಕೊಂಡು ಹೇಳಿದರು, ಹನ್ನೆರಡು ಗಂಟೆಯ ಹೊತ್ತಿಗೆ ನಾವು ಬರೆದುಕೊಂಡದ್ದನ್ನು ಕನ್ನಡಕ ಹಾಕಿಕೊಂಡು ತಿದ್ದಿದರು. ಹದಿನೆಂಟು ಚೀಲ ಭತ್ತಕ್ಕೆ ಆದ ಖರ್ಚು ಅದರ ಬೆಲೆಗಿಂತ ಹೆಚ್ಚು. ಆ ಕೊರತೆ ನಮ್ಮ ರೈನ್ ದಂಡೆಯ ವಾರಾಂತ್ಯಗಳ ಖರ್ಚಿಗಿಂತ ಹೆಚ್ಚೇನೂ ಇರಲಿಲ್ಲ. ಇದನ್ನು ನಾವು ಅವರಿಗೆ ಹೇಳಲಿಲ್ಲ. ಕೊರತೆಯ ಅರ್ಧ ನಮ್ಮದು, ಬಂದ ಅಕ್ಕಿಯಲ್ಲಿ ನಮಗೆ ಪಾಲು ಬೇಡ ಎಂದಷ್ಟೇ ಹೇಳಿದೆವು. “ದುಡ್ಡು ಕಳಿಸಿದ್ರೆ ಹಂದಿ ಹೆದರ್ತದಾ?” ಎಂದು ಕೇಳಿ ಚಿಕ್ಕಪ್ಪ ಎದ್ದುಹೋದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ನಾವು ಹೊರಡುವ ದಿನದವರೆಗೂ ಪೆಟ್ಟಿಗೆಯ ಮಾತು ಮತ್ತೆ ಬರಲಿಲ್ಲ.

ಫ್ರಾಂಕ್‌ಫರ್ಟಿಗೆ ಮರಳಿದಾಗ ಮರಗಳು ಬೋಳಾಗಿದ್ದವು. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಸಂಜೆ ಮಗನ ಶಾಲೆಯ ಮಕ್ಕಳೆಲ್ಲ ಕಾಗದದ ಲಾಟೀನು ಹಿಡಿದು ಹಾಡುತ್ತ ಬೀದಿಯಲ್ಲಿ ಸಾಗಿದರು. ಅವನ ಲಾಟೀನಿನ ಮೈಮೇಲೆ ಅಡಿಕೆ ಮರವಿತ್ತು. ಅದು ತಾಳೆ ಮರವೆಂದು ಅವನ ಶಿಕ್ಷಕಿ ಮೆಚ್ಚಿಕೊಂಡರು. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹೊತ್ತು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ ಪಂಟಿಗೆಯವರ ಕಥೆಯನ್ನು ಆ ರಾತ್ರಿ ಅವನಿಗೆ ಹೇಳಿದೆವು. ಅವರು ಚಳಿಗೆ ಕೈಗವಸು ಹಾಕಿಕೊಳ್ಳುತ್ತಾರೆಯೇ ಎಂಬುದೊಂದೇ ಅವನ ಪ್ರಶ್ನೆ.

ಡಿಸೆಂಬರಿನ ಒಂದು ಭಾನುವಾರ ಚಿಕ್ಕಮ್ಮನ ವಿಡಿಯೋ ಕರೆ ಬಂತು. ಕೊಯ್ಲು ಮುಗಿದಿತ್ತು. ಕೋಲು ನೆಟ್ಟ ಮೂಲೆಯಲ್ಲಿ ಚಿಕ್ಕಪ್ಪ ಗುದ್ದಲಿ ಹಿಡಿದು ನಿಂತಿದ್ದರು. ಹಲಸಿನ ಎಲೆ ಕಪ್ಪಾಗಿ ಕಡುಬಿಗೆ ಅಂಟಿಕೊಂಡಿತ್ತು, ಒಂದು ಬದಿಯನ್ನು ಇರುವೆಗಳು ತಿಂದಿದ್ದವು. ಅಜ್ಜಿ ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. “ನಮ್ಮ ಪಾಲು?” ಎಂದು ಮಗಳು ಇಲ್ಲಿಂದ ಕೂಗಿದಳು. ಚಿಕ್ಕಪ್ಪ ಒಂದು ಚೂರನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿ ತಾವೇ ತಿಂದರು.

ಈ ವರ್ಷ ರಜೆ ಆರಂಭವಾದ ಮರುದಿನವೇ ಭೂಮಿ ಹುಣ್ಣಿಮೆ. ನಾವು ಹೋಗಲಾಗಲಿಲ್ಲ. ಪೌರತ್ವ ಬಂತು, ಭಾರತೀಯ ಪಾಸ್‌ಪೋರ್ಟುಗಳನ್ನು ಒಪ್ಪಿಸಿಯಾಯಿತು, ಓಸಿಐ ಕಾರ್ಡುಗಳು ಇನ್ನೂ ಕೈಗೆ ಬಂದಿಲ್ಲ. ಚಿಕ್ಕಪ್ಪ ಅರ್ಧ ಗದ್ದೆಗೆ ಅಡಿಕೆ ಸಸಿ ಇಟ್ಟಿದ್ದಾರೆ, ಉಳಿದರ್ಧದಲ್ಲಿ ಭತ್ತವಿದೆ. ಬೆಂಗಳೂರಿನವರು ರಸ್ತೆಯಾಚೆಯ ಬೇರೊಬ್ಬರ ಗದ್ದೆಯನ್ನು ಕೊಂಡರಂತೆ. ಜೂನ್‌ನಲ್ಲಿ ನಟ್ಟಿಯ ಲೆಕ್ಕವನ್ನು ಚಿಕ್ಕಪ್ಪ ವಾಟ್ಸಾಪಿನಲ್ಲಿ ಕಳಿಸಿದರು, ಒಂದು ಮಾತೂ ಬರೆಯದೆ, ಬರೀ ಅಂಕಿಗಳು. ನಾವು ಅರ್ಧವನ್ನು ಕಳಿಸಿದೆವು.

ಹುಣ್ಣಿಮೆಯ ರಾತ್ರಿ, ಇಲ್ಲಿಯ ಗಡಿಯಾರದಲ್ಲಿ ಒಂದೂವರೆ, ಫೋನು ಹೊಡೆದುಕೊಂಡಿತು. ಪರದೆಯಲ್ಲಿ ಕತ್ತಲೆ, ಟಾರ್ಚಿನ ಬೆಳಕು, ಚಿಕ್ಕಪ್ಪನ ಏದುಸಿರು. “ಪುಟ್ಟಿಯ ಎಬ್ಬಿಸಿ. ನಂಗೆ ಕೂಗಿದ್ರೆ ಕೆಮ್ಮು ಬರ್ತದೆ.” ಮಗಳು ಹಾಸಿಗೆಯ ಮೇಲೆ ಎದ್ದು ಕುಳಿತು, ಹೊದಿಕೆಯನ್ನು ಹೆಗಲಿಗೆ ಎಳೆದುಕೊಂಡು, ಫೋನಿಗೆ ಬಾಯಿಟ್ಟು ಕೂಗಿದಳು. ಈ ದೇಶದಲ್ಲಿ ರಾತ್ರಿ ಹತ್ತರ ಮೇಲೆ ಬಟ್ಟೆ ಒಗೆಯುವ ಯಂತ್ರ ಹಾಕುವುದಕ್ಕೂ ನಾವು ಅಂಜುತ್ತೇವೆ. ಅವಳು ಮೂರು ಸಲ ಕೂಗಿದಳು. ಮೂರನೆಯ ಸಲಕ್ಕೆ ಫೋನಿನೊಳಗಿಂದ ಆಚೆ ಗುಡ್ಡದವರ ಓಗೊಡುವಿಕೆ ಸಣ್ಣಗೆ ಕೇಳಿಸಿತು, ಅದೇ ಹೊತ್ತಿಗೆ ನಮ್ಮ ಮನೆಯ ಕರೆಗಂಟೆಯೂ ಬಾರಿಸಿತು.

ಕೆಳಗಿನ ಮಹಡಿಯವರು ರಾತ್ರಿಯುಡುಪಿನಲ್ಲಿ ನಿಂತಿದ್ದರು. ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳಿದರು. ಬಾಗಿಲಲ್ಲಿಯೇ ನಿಂತು, ಅರ್ಧ ನಿದ್ದೆಯ ಜರ್ಮನ್ನಿನಲ್ಲಿ, ಭೂಮಿಯನ್ನು ಊಟಕ್ಕೆ ಕರೆಯುತ್ತಿದ್ದೇವೆ ಎಂದು ವಿವರಿಸಲು ಪ್ರಯತ್ನಿಸಿದೆವು. ಅವರು ನಮ್ಮನ್ನೂ, ಒಳಗೆ ಫೋನು ಹಿಡಿದು ಕುಳಿತಿದ್ದವಳನ್ನೂ ನೋಡಿದರು. “ಆಯಿತು, ಬಂದಳೇ?” ಎಂದು ಕೇಳಿ, ತಲೆಯಾಡಿಸುತ್ತ ಮೆಟ್ಟಿಲಿಳಿದರು. ಬೆಳಿಗ್ಗೆ ಮಗ ಅವರ ಬಾಗಿಲಿಗೆ ನಾಲ್ಕು ಸೌತೆಕಾಯಿ ಕಡುಬು ಕೊಟ್ಟುಬಂದ.